ಗರಗಸದ ಇನ್ನೊಂದು ತುದಿ

ಜಗಳವಿಲ್ಲದೆ ಊಟ ಮಾಡಿದರೆ ನಮ್ಮ ಮೇಡಂಗೆ ಅರಗುತ್ತಿರಲಿಲ್ಲ. ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹನ್ನೊಂದು ವರ್ಷ ಸ್ಟಾಫ್ ರೂಮಿನಲ್ಲಿ ಅವರ ಎದುರು ಕುರ್ಚಿಯಲ್ಲಿ ಕೂತು ಡಬ್ಬಿ ಬಿಚ್ಚಿದವನು ನಾನು. ಬಂದವರೇ ನನ್ನ ಡಬ್ಬಿಗೆ ಕೈ ಹಾಕಿ, ಕೇಳದೆ ಗೇಳದೆ ಹುರುಳಿಕಾಳಿನ ಪಲ್ಯ ಎತ್ತಿಕೊಳ್ಳುತ್ತಿದ್ದರು. ಬಾಯಿಗೆ ಹಾಕಿಕೊಂಡು, "ಸಾರ್, ಬೆಳಿಗ್ಗೆ ಕ್ಲಾಸಲ್ಲಿ ಏನೋ ಹೇಳ್ತಿದ್ರಲ್ಲ, ಗೋಡೆ ಆಚೆ ಕೇಳಿಸ್ತು. ಅದು ತಪ್ಪು" ಎಂದು ಶುರುವಿಟ್ಟರೆ ಬೆಲ್ ಹೊಡೆಯುವವರೆಗೆ ಬಿಡುವವರಲ್ಲ. ಅವರು ತೀರಿಕೊಂಡು ಎರಡು ತಿಂಗಳಾಯಿತು. ಈಗ ಡಬ್ಬಿಯಲ್ಲಿ ಪಲ್ಯ ಉಳಿದು ಮನೆಗೆ ವಾಪಸ್ಸು ಹೋಗುತ್ತಿದೆ.

ನಾವಿಬ್ಬರೂ ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿಗಳು, ಅಷ್ಟು ವರ್ಷ ಕದಲದ ಅತಿಥಿಗಳನ್ನು ಯಾವ ಮನೆಯವರೂ ಸಹಿಸಲಾರರು. ಪ್ರತಿ ವರ್ಷವೂ ನಮ್ಮನ್ನು ಹೊಸದಾಗಿ ಕರೆಯಬೇಕು, ಕರೆಯದಿದ್ದರೆ ಕೇಳುವಂತಿಲ್ಲ. ಅವರು ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಕೋರಮಂಡಲ್ ಲೈನಿನವರು, ಗಣಿಯಲ್ಲಿ ಡ್ರಿಲ್ ಹಿಡಿದವರ ಮಗಳು, ಮನೆಮಾತು ತಮಿಳು. ರೈಲಿನಲ್ಲಿ ಬರುತ್ತಿದ್ದರು. ನಾನು ಬೇತಮಂಗಲದ ಕಡೆಯ ಹಳ್ಳಿಯವನು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಸ್ಸು ಹತ್ತುತ್ತಿದ್ದೆ.

ಮೊದಲ ವಾರವೇ ನಾನು ಒಂದು ಕೊಬ್ಬಿನ ಮಾತಾಡಿದೆ. ಅವರ ಕನ್ನಡದಲ್ಲಿ ತಮಿಳಿನ ಎಳೆತವಿತ್ತು. "ಮೇಡಂ, ಕನ್ನಡ ಎಂ.ಎ. ಯಾಕೆ ಮಾಡಿದಿರಿ? ನಿಮಗೆ ಕಷ್ಟ ಆಗಲಿಲ್ಲವೇ?" ಎಂದೆ, ಬಹಳ ಮರುಕದಿಂದ ಕೇಳುವವನ ಹಾಗೆ. ಅವರು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಚಾಕ್‌ಪೀಸ್ ತೆಗೆದು ಮೇಜಿನ ಮೇಲಿಟ್ಟು, "ಆಯ್ತು ಸಾರ್. ನಿಮಗೆ ಕನ್ನಡ ಅಮ್ಮ ಎತ್ತಿ ಬಾಯಿಗಿಟ್ಟಿದ್ದು. ನಾನು ಬಿದ್ದು ಎದ್ದು ತಗೊಂಡಿದ್ದು. ಅದಕ್ಕೇ ಒಂದೊಂದು ಪದಾನೂ ಎಲ್ಲಿ ಸಿಕ್ತು ಅಂತ ನನಗೆ ಜ್ಞಾಪಕ ಇದೆ" ಎಂದರು. ಆವತ್ತು ಅವರ ಮೇಲೆ ಹುಟ್ಟಿದ ಸಿಟ್ಟು ಬೆರಗಾಗಿ ತಿರುಗಲು ಮೂರು ವರ್ಷ ಹಿಡಿಯಿತು.

ಅವರು ಪಾಠ ಮಾಡುವ ರೀತಿಯೇ ವಿಚಿತ್ರ. ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಪುಸ್ತಕ ಒಯ್ಯುತ್ತಿರಲಿಲ್ಲ, ಕಥೆ ಪೂರ್ತಿ ಬಾಯಲ್ಲಿರುತ್ತಿತ್ತು. ಕವಿ ಪರಿಚಯ, ಆಶಯ, ಸಾರಾಂಶ ಎಂಬ ಗೋಜೇ ಇಲ್ಲ. "ಯಾರು ಎಲ್ಲಿ ನಿಂತಿದ್ದಾರೆ? ಯಾರ ಕೈಯಲ್ಲಿ ಏನಿದೆ? ಅದು ಹೇಳಿ ಮೊದಲು. ಮನಸ್ಸಲ್ಲಿ ಏನಿದೆ ಅಂತ ಆಮೇಲೆ ನೋಡೋಣ" ಎನ್ನುತ್ತಿದ್ದರು. ಗೈಡ್ ನೋಡಿ ಉತ್ತರ ಹೇಳುವ ಮಕ್ಕಳಿಗೆ ಕಷ್ಟವಾಗುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ಮಾತ್ರ ಅವರ ಕ್ಲಾಸು ತಪ್ಪಿಸುತ್ತಿರಲಿಲ್ಲ.

ನಮ್ಮಿಬ್ಬರ ದೊಡ್ಡ ಜಗಳ ಪಠ್ಯದಲ್ಲಿದ್ದ ಒಂದು ಸಣ್ಣಕಥೆಯ ಮೇಲೆ. ಆರು ಪುಟದ ಕಥೆ. ಒಂದೂರಿನಲ್ಲಿ ಮರ ಕೊಯ್ಯುವವರು ಇಬ್ಬರು, ಒಬ್ಬರ ಮುಖ ಒಬ್ಬರಿಗಾಗದು. ಯಾರ ಕೊಯ್ತ ನೇರ ಎಂಬುದೇ ಅವರ ಹಠ. ಇಬ್ಬರ ಜೊತೆಗಾರರೂ ಒಂದೇ ವರ್ಷ ಊರು ಬಿಡುತ್ತಾರೆ. ಅದೇ ಹೊತ್ತಿಗೆ ಛತ್ರದ ಬಾಗಿಲಿಗೆಂದು ದೊಡ್ಡದೊಂದು ಮರದ ದಿಮ್ಮಿ ಬರುತ್ತದೆ. ಆ ಕಾಲದ ಉದ್ದ ಗರಗಸಕ್ಕೆ ಎರಡು ತುದಿ. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಹಾಕಿ, ಒಬ್ಬ ಮೇಲೆ ನಿಂತು, ಇನ್ನೊಬ್ಬ ಗುಂಡಿಗಿಳಿದು ಎಳೆಯಬೇಕು. ಮೇಲೆ ನಿಂತವನಿಗೆ ಮರ್ಯಾದೆ, ಕೆಳಗಿದ್ದವನಿಗೆ ಕಣ್ಣು ಮೂಗು ಬಾಯಿ ತುಂಬ ಮರದ ಹುಡಿ. ಬೇರೆ ದಾರಿಯಿಲ್ಲದೆ ಆ ಇಬ್ಬರು ಶತ್ರುಗಳು ಏಳು ದಿನ ಮಾತಿಲ್ಲದೆ ಕೊಯ್ಯುತ್ತಾರೆ. ಏಳನೆಯ ದಿನ ಬೆಳಿಗ್ಗೆ ಮೇಲಿನವನು ಏನೂ ಹೇಳದೆ ತಾನೇ ಮೊದಲು ಗುಂಡಿಗಿಳಿದು ನಿಲ್ಲುತ್ತಾನೆ. ಕೆಳಗಿದ್ದವನು ಮೇಲೆ ಹತ್ತುತ್ತಾನೆ. ಸಂಜೆಗೆ ಹಲಗೆ ಬೇರೆಯಾಗುತ್ತದೆ. ಒಬ್ಬ ಹಲಗೆಯ ಮೇಲೆ ಅಂಗೈಯಾಡಿಸಿ, "ಇಲ್ಲಿ ಕೂದಲೆಳೆಯಷ್ಟು ಸರಿದಿದೆ" ಎನ್ನುತ್ತಾನೆ. ಇನ್ನೊಬ್ಬ, "ನಿನ್ನ ಕಡೆಯಿಂದ" ಎನ್ನುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ನಾನು ಇದನ್ನು ಪಾಠ ಮಾಡುತ್ತಿದ್ದದ್ದು ಹೀಗೆ: ಮೇಲಿನವನ ಅಹಂಕಾರ ಕರಗಿತು, ಅವನು ಕೆಳಗಿಳಿದ, ಸ್ಪರ್ಧೆ ಅಳಿಯಿತು, ಸಹಕಾರ ಉಳಿಯಿತು. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಪಾಸಾಗುತ್ತಿದ್ದರು.

"ಏನು ಅಳೀತು ಸಾರ್?" ಎಂದರು ಅವರು, ನನ್ನ ಪಲ್ಯ ಅಗಿಯುತ್ತ. "ಕೊನೆ ಮಾತು ಓದಿ. ಏಳು ದಿನ ಆದ್ಮೇಲೂ 'ನಿನ್ನ ಕಡೆಯಿಂದ' ಅಂತಾನೆ. ಜಗಳ ಹಂಗೇ ಇದೆ. ಅವನು ಗುಂಡಿಗೆ ಇಳಿದಿದ್ದು ಕರುಣೆಯಿಂದ ಅಲ್ಲ. ಕೆಳಗಿಂದಾನೂ ನಾನೇ ನೇರವಾಗಿ ಕೊಯ್ತೀನಿ ಅಂತ ತೋರಿಸೋಕೆ. ಆ ಹಠ ಇದ್ದಿದ್ದಕ್ಕೇ ಹಲಗೆ ನೇರ ಬಂತು."

"ಮೇಡಂ, ಮಕ್ಕಳಿಗೆ ಹಠ ಮಾಡಿ ಅಂತ ಹೇಳಿಕೊಡೋದಾ?"

"ಅಯ್ಯೋ ಸಾಮಿ, ಕಥೆ ಏನು ಹೇಳುತ್ತೋ ಅದು ಹೇಳಿಕೊಡಿ. ಬುದ್ಧಿ ಹೇಳೋಕೆ ಅವರಪ್ಪ ಅಮ್ಮ ಇದ್ದಾರೆ."

ಒಂದು ಸೋಮವಾರ ತಲೆಗೂದಲಲ್ಲಿ ಮರದ ಹುಡಿ ಹಾಗೇ ಇಟ್ಟುಕೊಂಡು ಕಾಲೇಜಿಗೆ ಬಂದರು. ಬರುವಾಗ ಸ್ಟೇಷನ್ ಹತ್ತಿರದ ಸಾಮಿಲ್ಲಿಗೆ ಹೋಗಿ, ಚಿಕ್ಕಂದಿನಲ್ಲಿ ಗುಂಡಿಗಿಳಿದು ಕೊಯ್ದಿದ್ದ ಒಬ್ಬ ಮುದುಕರನ್ನು ಹುಡುಕಿ ಮಾತಾಡಿಸಿದ್ದರು. ಆವತ್ತಿನ ಕ್ಲಾಸಿನಲ್ಲಿ ಇಬ್ಬರು ಹುಡುಗಿಯರಿಗೆ ಒಂದು ದುಪಟ್ಟದ ಎರಡು ತುದಿ ಕೊಟ್ಟು, ಒಬ್ಬಳನ್ನು ಬೆಂಚಿನ ಮೇಲೆ, ಇನ್ನೊಬ್ಬಳನ್ನು ಕೆಳಗೆ ನಿಲ್ಲಿಸಿದರಂತೆ. "ಎಳೀರಿ. ಈಗ ತಳ್ಳಿ. ಆಗುತ್ತಾ? ಆಗಲ್ಲ. ಗರಗಸದಲ್ಲಿ ಇಬ್ರೂ ಎಳೆಯೋರೇ, ತಳ್ಳೋರು ಯಾರೂ ಇಲ್ಲ. ನೀನು ಎಳೆಯೋವಾಗ ಅವಳು ಬಿಡಬೇಕು, ಪೂರ್ತಿ ಬಿಡಬಾರದು." ಗೋಡೆಯಾಚೆಯ ನನ್ನ ಕ್ಲಾಸಿನಲ್ಲಿ ಇದನ್ನು ಕೇಳಿದ ನಾನು ಮುಂದೆ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಆರು ಪುಟದ ಕಥೆಗಾಗಿ ಸಾಮಿಲ್ಲಿಗೆ ಹೋದವರನ್ನು ನಾನು ಅದುವರೆಗೆ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ.

ಹೊಟ್ಟೆಯುರಿಗೆ ಕೇಳಿದೆ: "ಶತ್ರುಗಳು ಸೇರಿ ಕೆಲಸ ಮಾಡ್ತಾರೆ ಅನ್ನೋದು ಕಥೆಯಲ್ಲಿ ಚೆನ್ನ. ನಿಜವಾಗಿ ಎಲ್ಲಿ ನೋಡಿದ್ದೀರಿ?"

ಆಗ ಅವರು ಅಪ್ಪನ ವಿಷಯ ಹೇಳಿದರು. ನನ್ನ ಮುಂದೆ ಅಪ್ಪನ ಮಾತೆತ್ತಿದ್ದು ಅದೊಂದೇ ಸಲ.

"ನಮ್ಮಪ್ಪನೂ ಅವರ ಜೋಡಿ ಆಳೂ ಹದಿನಾಲ್ಕು ವರ್ಷ ಮಾತಾಡಿಲ್ಲ ಸಾರ್. ಲೈನಲ್ಲಿ ನಲ್ಲಿ ಹತ್ರ ಬಿಂದಿಗೆ ಜಗಳ. ಸಾಲಲ್ಲಿದ್ದ ನಮ್ಮ ಬಿಂದಿಗೇನ ಆಯಪ್ಪ ಪಕ್ಕಕ್ಕಿಟ್ರಂತೆ, ಅಷ್ಟೇ. ಆದ್ರೆ ಗಣಿ ಕೆಳಗೆ ಇಬ್ರಿಗೂ ಒಂದೇ ಜಾಗ. ಡ್ರಿಲ್ ಶುರು ಮಾಡೋ ಮುಂಚೆ ಕಬ್ಬಿಣದ ಸಲಾಕೆ ತಗೊಂಡು ತಲೆ ಮೇಲಿನ ಕಲ್ಲು ತಟ್ಟಿ ನೋಡ್ಬೇಕು. ಗಟ್ಟಿ ಕಲ್ಲಿನ ಸದ್ದೇ ಬೇರೆ, ಬಿರುಕು ಬಿಟ್ಟಿದ್ದರ ಸದ್ದೇ ಬೇರೆ. ನಮ್ಮಪ್ಪ ತಟ್ಟಿದ್ದ ಜಾಗಾನೇ ಆಯಪ್ಪ ಮತ್ತೆ ತಟ್ಟೋರು. ಆಯಪ್ಪ ತಟ್ಟಿದ್ದನ್ನ ನಮ್ಮಪ್ಪ ಮತ್ತೆ ತಟ್ಟೋರು. ನಂಬಿಕೇನೇ ಇಲ್ಲ! 'ಆ ಸೆವುಡನಿಗೆ ಏನ್ ಕೇಳಿಸುತ್ತೆ' ಅನ್ನೋರು ನಮ್ಮಪ್ಪ. ಹಂಗೇ ಬೈಕೊಂಡು ಬೈಕೊಂಡು ಇಬ್ರೂ ಕೈಕಾಲು ನೆಟ್ಟಗಿಟ್ಕೊಂಡು ಮೇಲೆ ಬಂದ್ರು. ಒಬ್ಬರಿಗೊಬ್ಬರು ಪ್ರಾಣ ಕೊಡೋ ಅಂಥ ಜೋಡಿಗಳೂ ಇದ್ವು ಸಾರ್. ನೀನು ನೋಡಿದ್ಯಲ್ಲ, ಸಾಕು ಬಿಡು ಅಂದೋರು..."

ಡಬ್ಬಿ ಮುಚ್ಚಿಕೊಂಡು ಕೈತೊಳೆಯಲು ಎದ್ದು ಹೋದರು.

ಮರುವರ್ಷ ಮಕ್ಕಳ ಸೇರ್ಪಡೆ ಇಳಿದು ಎರಡು ಸೆಕ್ಷನ್ ಒಂದಾಯಿತು. ಕನ್ನಡಕ್ಕೆ ಒಬ್ಬರೇ ಸಾಕು ಎಂದರು ಪ್ರಿನ್ಸಿಪಾಲರು. ಯಾರನ್ನು ಇಟ್ಟುಕೊಳ್ಳುವುದು? ಇಬ್ಬರೂ ಒಂದೊಂದು ಪಾಠ ಮಾಡಿ ತೋರಿಸಲಿ, ಕೋಲಾರದಿಂದ ನಿವೃತ್ತ ಪ್ರಾಧ್ಯಾಪಕರೊಬ್ಬರನ್ನು ಕರೆಸೋಣ, ಪಾಠ ಅದೇ ಮರ ಕೊಯ್ಯುವವರ ಕಥೆ, ಎಂದು ತೀರ್ಮಾನವಾಯಿತು. ನನ್ನ ಮಗಳಿಗೆ ಆಗ ಐದು ತಿಂಗಳು. ಮೇಡಂ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಒಂದು ವರ್ಷ ಹೊರಗುಳಿದರೆ ಮರುವರ್ಷ ಕರೆಯುತ್ತಾರೆಂಬ ಖಾತ್ರಿಯಿಲ್ಲ. ಆ ವಾರ ಪೂರ್ತಿ ನಾವಿಬ್ಬರೂ ಊಟಕ್ಕೆ ಬೇರೆ ಬೇರೆ ಹೊತ್ತಿಗೆ ಹೋದೆವು.

ಆ ದಿನ ಮೊದಲ ಸರದಿ ನನ್ನದು. ಕ್ಲಾಸಿಗೆ ಹೋಗುವ ಮುಂಚೆ ಕಾರಿಡಾರಿನಲ್ಲಿ ಆ ಪ್ರಾಧ್ಯಾಪಕರು ಟೀ ಕುಡಿಯುತ್ತ ಪ್ರಿನ್ಸಿಪಾಲರಿಗೆ ಹೇಳುವುದು ಕಿವಿಗೆ ಬಿತ್ತು: "ಎಲ್ಲರೂ ಒಗ್ಗಟ್ಟಿನಲ್ಲಿ ಬಲವಿದೆ ಅಂತ ಮುಗಿಸ್ತಾರೆ ಕಣ್ರೀ. ಕೇಳಿ ಕೇಳಿ ಸಾಕಾಗಿದೆ." ನನ್ನ ಇಪ್ಪತ್ತು ಪುಟದ ಟಿಪ್ಪಣಿಯ ಸಾರವೇ ಅದು.

ಏನು ಮಾಡಿದೆ ಎಂದು ಹೇಳಲು ಇವತ್ತಿಗೂ ನಾಚಿಕೆ. ಟಿಪ್ಪಣಿ ಮುಚ್ಚಿಟ್ಟು ಮೇಡಂ ಅವರ ಓದನ್ನೇ ಪಾಠ ಮಾಡಿದೆ. ಹಠ ಉಳಿಯಿತು, ಹಠದಿಂದಲೇ ಹಲಗೆ ನೇರ ಬಂತು ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. "ನಮ್ಮ ಗಣಿಗಳಲ್ಲಿ ಹೀಗೊಂದು ರೂಢಿಯಿತ್ತು" ಎಂದು ಸಲಾಕೆಯಿಂದ ಕಲ್ಲು ತಟ್ಟುವುದನ್ನೂ ಹೇಳಿಬಿಟ್ಟೆ, ನಾನೇ ಕೆಳಗಿಳಿದು ನೋಡಿ ಬಂದವನ ಹಾಗೆ. ಪ್ರಾಧ್ಯಾಪಕರು ತಲೆದೂಗಿದರು. ಕೊನೆಯ ಬೆಂಚಿನಲ್ಲಿ, ತಮ್ಮ ಸರದಿಗೆ ಕಾಯುತ್ತ, ಮೇಡಂ ಕೂತಿದ್ದರು. ಕಿವಿಯ ಹಿಂದೆ ಚಾಕ್‌ಪೀಸ್. ಮುಖದಲ್ಲಿ ಸಿಟ್ಟು ಹುಡುಕಿದೆ, ಕಾಣಲಿಲ್ಲ. ಸಿಟ್ಟು ಕಂಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹತ್ತು ನಿಮಿಷದ ಬಿಡುವು. ಅವರು ಎದ್ದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು ನಿಂತರು. ನಾನು ಹಿಂದೆ ಹೋಗಿ ಕೂತೆ. ಇನ್ನೇನು, ಇವರು ನನ್ನ ಬಂಡವಾಳ ಬಯಲು ಮಾಡುತ್ತಾರೆ, ಇಲ್ಲವೇ ಹೇಳಿದ್ದನ್ನೇ ಹೇಳಿ ಸೋಲುತ್ತಾರೆ ಎಂದುಕೊಂಡೆ.

"ಈ ಕಥೆಗೆ ಇನ್ನೊಂದು ಓದು ಇದೆ," ಎಂದು ಶುರು ಮಾಡಿದರು. "ನಮ್ಮ ಸಾರ್ ಮೂರು ವರ್ಷದಿಂದ ಹೇಳ್ತಾ ಇರೋದು. ಇಷ್ಟು ದಿನ ನಾನು ಒಪ್ಪಿರಲಿಲ್ಲ. ಮೇಲಿನವನ ಮನಸ್ಸು ಕರಗಿತು ಅಂತಾರೆ ಸಾರ್. ಕಥೆಯಲ್ಲಿ ಅದಕ್ಕೆ ಸಾಕ್ಷಿ ಇದೆಯಾ? ಬನ್ನಿ, ಹುಡುಕೋಣ."

ನಾನು ಬಿಟ್ಟು ಓಡಿದ ಓದನ್ನು ಅವರು ಎತ್ತಿಕೊಂಡಿದ್ದರು.

"ನಾಲ್ಕನೇ ಪುಟ ತೆಗೀರಿ. ಆರನೇ ದಿನ. 'ಮೇಲಿನವನು ಒಂದು ಎಳೆತದ ಹೊತ್ತು ಗರಗಸವನ್ನು ತಡೆದು ಹಿಡಿದ. ಕೆಳಗಿನವನು ಕಣ್ಣೊರೆಸಿಕೊಂಡ.' ಅಷ್ಟೇ ಇದೆ. ಈಗ ಹೇಳಿ, ಮೇಲೆ ನಿಂತವನಿಗೆ ಕೆಳಗಿರೋನು ಕಾಣಿಸ್ತಾನಾ?"

"ಇಲ್ಲ ಮೇಡಂ, ಮರ ಅಡ್ಡ ಇದೆ."

"ಕೆಳಗಿನವನು ಕೂಗಿದನಾ?"

"ಇಲ್ಲ. ಅವ್ರು ಮಾತೇ ಆಡಲ್ಲ."

"ಹಾಗಾದ್ರೆ ಕಣ್ಣಿಗೆ ಹುಡಿ ಬಿತ್ತು ಅಂತ ಮೇಲಿನವನಿಗೆ ಹೆಂಗೆ ಗೊತ್ತಾಯ್ತು?"

ಪ್ರಾಧ್ಯಾಪಕರು ಮುಂದಿದ್ದ ಪುಸ್ತಕವನ್ನು ಹತ್ತಿರಕ್ಕೆಳೆದುಕೊಂಡು ಆ ಪುಟ ಹುಡುಕುತ್ತಿದ್ದರು. ಹಿಂದಿನ ಬೆಂಚಿನ ಒಬ್ಬ, ವರ್ಷವೆಲ್ಲ ಬಾಯಿಬಿಡದವನು, ಎದ್ದು ನಿಂತ. "ಕೈಯಿಂದ ಮೇಡಂ. ಎಳೆಯೋದ್ರಲ್ಲಿ ಏನೋ ಯತ್ವಾಸ ಆಗಿರ್ತದೆ."

"ಕೈಯಿಂದ," ಎಂದರು ಅವರು. "ಆರು ದಿನ ಗರಗಸದ ಆ ತುದಿ ಹಿಡಿದಿದ್ದಾನೆ. ಈ ತುದೀಲಿ ಇರೋನ ಉಸಿರು, ಆಯಾಸ, ಕಣ್ಣುರಿ, ಎಲ್ಲ ಅವನ ಅಂಗೈಗೆ ಬಂದಿದೆ. ಹೆಂಡತಿ ಮಕ್ಕಳ ಬಗ್ಗೆ ಕೂಡ ಇಷ್ಟು ಗೊತ್ತಿರಲ್ಲ ಅವನಿಗೆ. ಒಂದು ಎಳೆತ ಬಿಟ್ಟುಕೊಟ್ಟ. ಮಾರನೇ ದಿನ ತಾನೇ ಇಳಿದ. ಸಾರ್ ಹೇಳಿದ್ದು ಸರಿ. ನಾನು ಈಗ ಅರ್ಧ ಒಪ್ತೀನಿ. ಇನ್ನರ್ಧ ಯಾಕೆ ಒಪ್ಪಲ್ಲ ಅಂದ್ರೆ, ಕೊನೆ ಮಾತು ಇನ್ನೂ ಇದೆಯಲ್ಲ."

ನಾನು ಆ ಕಥೆಯನ್ನು ನೂರು ಸಲವಾದರೂ ಓದಿದ್ದೆ. ಆ ಎರಡು ವಾಕ್ಯಗಳ ಮೇಲೆ ನನ್ನ ಕಣ್ಣು ಹಾಯ್ದಿತ್ತು, ನಿಂತಿರಲಿಲ್ಲ. ನನ್ನ ಓದು ಎಂದು ನಾನು ಜಗಳವಾಡಿದ್ದಕ್ಕೆ ಇಂಥ ಸಾಕ್ಷಿಯಿದೆಯೆಂದು ನನಗೇ ಗೊತ್ತಿರಲಿಲ್ಲ. ಹತ್ತು ನಿಮಿಷದಲ್ಲಿ, ತಮ್ಮ ಅನ್ನ ಕಸಿದುಕೊಳ್ಳುತ್ತಿದ್ದವನ ಪರವಾಗಿ ಅವರು ಅದನ್ನು ಹುಡುಕಿ ತೆಗೆದಿದ್ದರು. ಎಂಥ ಓದುಗಾರ್ತಿ ಅಂತೀರಿ! ಆ ಬೆಂಚಿನಲ್ಲಿ ಕೂತು ನನಗೆ ಅಳು ಬಂತು. ಸೋತೆನೆಂದೋ, ಕದ್ದೆನೆಂದೋ, ಇಂಥದ್ದೊಂದು ಪಾಠ ಕೇಳುವ ಭಾಗ್ಯ ಸಿಕ್ಕಿತೆಂದೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಹಸು ಕರೆಯುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ. "ಕಂಡೋರ್ ಮಾತ್ನ ನಂದು ಅಂತ ಏಳಿ ಬಂದಿದ್ದೀಯೇನ್ಲಾ? ಅದೂ ಅವ್ರಪ್ಪನ್ ಇಚಾರ್ವಾ? ಥೂ. ನಾಳೆ ಓಗಿ ದೊಡ್ಡೋರ್ ತಾವ ನಿಜ ಏಳ್ಬುಡು. ಕೆಲ್ಸ ಓದ್ರೆ ಓಯ್ತದೆ, ಹಸ ಅವೆ ಕಣ್ಲಾ" ಎಂದಳು.

ಮರುದಿನ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ನಿಂತೇ ಹೇಳಿದೆ. "ಸಾರ್, ನಿನ್ನೆ ನಾನು ಪಾಠ ಮಾಡಿದ್ದು ನನ್ನ ಓದಲ್ಲ. ಮೇಡಂ ಅವರದು."

ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿ ನಕ್ಕರು. "ಗೊತ್ತು ಕೂತ್ಕೊಳ್ರಿ. ಮೇಡಂ ನಿನ್ನೇನೇ ಹೇಳಿದ್ರಲ್ಲ. ಬೇಕಂತಲೇ ಇಬ್ಬರೂ ಓದು ಅದಲುಬದಲು ಮಾಡ್ಕೊಂಡ್ವಿ, ಎದುರಾಳಿ ಮಾತನ್ನ ನಾವು ಎಷ್ಟು ಚೆನ್ನಾಗಿ ಹೇಳಬಲ್ಲೆವು ನೋಡೋಣ ಅಂತ, ಅಂದ್ರು. ಪ್ರೊಫೆಸರ್‌ಗೆ ಬಹಳ ಹಿಡಿಸ್ತು. ಮೇಡಮ್ಮೇ ಮೊದಲು, ಅದರಲ್ಲಿ ಮಾತಿಲ್ಲ. ಆದ್ರೆ ಅವರು ಒಬ್ಬರೇ ಬೇಡ ಅಂತಾರೆ. ವಾರದ ಗಂಟೆಗಳನ್ನ ಇಬ್ಬರಿಗೂ ಅರ್ಧರ್ಧ ಮಾಡಿ ಅಂತಾರೆ. ನಿಮಗೆ ಒಪ್ಪಿಗೆನಾ?"

ಕಾರಿಡಾರಿನಲ್ಲಿ ಅವರನ್ನು ಹಿಡಿದೆ. "ಮೇಡಂ, ಯಾಕೆ ಹೀಗೆ ಮಾಡಿದಿರಿ? ನಿಮ್ಮಮ್ಮನ ಔಷಧಿ, ಮನೆ... ಅರ್ಧದಲ್ಲಿ ಹೇಗೆ ನಡೆಯುತ್ತೆ?"

"ಲೈನಲ್ಲಿ ಟ್ಯೂಷನ್ ಶುರು ಮಾಡ್ತೀನಿ," ಎಂದರು. "ನೀವು ಹೋದ್ರೆ ನಾನು ಯಾರ ಹತ್ರ ಸಾರ್ ಜಗಳ ಆಡೋದು? ನಾನು ಹೇಳಿದ್ದೆಲ್ಲ ಸರಿ ಅನ್ನೋ ಮಕ್ಕಳ ಹತ್ರಾನಾ? ಮೂರೇ ವರ್ಷಕ್ಕೆ ಕೆಟ್ಟು ಹೋಗ್ತೀನಿ." ಆಮೇಲೆ ಧ್ವನಿ ಬದಲಾಯಿತು. "ಅಪ್ಪನ ವಿಷಯ ಹೇಳಬಾರದಿತ್ತು ನೀವು. ಅದು ನಂಗೆ ನೋವಾಯ್ತು. ಹೇಳಿದ್ರೂ ಅರ್ಧ ಹೇಳಿದ್ರಿ. ಒಬ್ಬರು ತಟ್ಟಿದ್ದನ್ನ ಇನ್ನೊಬ್ಬರು ಮತ್ತೆ ತಟ್ಟೋರು ಅನ್ನೋದೇ ಮುಖ್ಯ, ಅದನ್ನೇ ಬಿಟ್ಟುಬಿಟ್ರಿ. ಕದಿಯೋದಾದ್ರೆ ಪೂರ್ತಿ ಕದೀಬೇಕಪ್ಪಾ."

ನಾನು ಅಲ್ಲೇ ಕ್ಷಮೆ ಕೇಳಿದೆ. "ಸೆರಿ, ಸೆರಿ" ಎಂದು ಕೈಯಾಡಿಸಿ ಕ್ಲಾಸಿಗೆ ನಡೆದರು.

ಆಮೇಲೆ ಏಳು ವರ್ಷ ನಾವು ಅರ್ಧರ್ಧ ಗಂಟೆಗಳಲ್ಲೇ ಬದುಕಿದೆವು. ಅವರು ಪ್ರಿನ್ಸಿಪಾಲರ ಮುಂದೆ ಹೇಳಿದ ಸುಳ್ಳು ನಮ್ಮ ರೂಢಿಯೇ ಆಯಿತು. ಪ್ರತಿ ವರ್ಷ ಆ ಕಥೆ ಬಂದಾಗ ಇಬ್ಬರೂ ಒಂದೇ ತರಗತಿಗೆ ಹೋಗುತ್ತಿದ್ದೆವು. ನಾನು ಅವರ ಓದನ್ನು ಹಿಡಿದು ವಾದಿಸಬೇಕು, ಅವರು ನನ್ನದನ್ನು. ಅರ್ಧ ಗಂಟೆಯಾದ ಮೇಲೆ ಬದಲು. ಮಕ್ಕಳು ಚಪ್ಪಾಳೆ ತಟ್ಟಿದರೆ ಗದರುತ್ತಿದ್ದರು: "ಇದೇನು ಸಿನಿಮಾನಾ? ಪುಟ ತೆಗೀರಿ." ಒಂದು ಸಲವೂ ನಾನು ಗೆಲ್ಲಲಿಲ್ಲ. ಗೆಲ್ಲುವ ಹಂತಕ್ಕೆ ಬಂದಾಗಲೆಲ್ಲ ನಾನು ನೋಡದ ಇನ್ನೊಂದು ವಾಕ್ಯ ಅವರ ಬಾಯಿಂದ ಬರುತ್ತಿತ್ತು. ಆರು ಪುಟದಲ್ಲಿ ಅಷ್ಟೊಂದು ವಾಕ್ಯಗಳು ಎಲ್ಲಿದ್ದವೋ!

ಈ ವರ್ಷ ರಜೆಯಲ್ಲಿ ಕಾಮಾಲೆ ಎಂದು ಮಲಗಿದವರು ಏಳಲಿಲ್ಲ. ಮಲಗಿ ಹದಿನೈದು ದಿನವೂ ಆಗಿರಲಿಲ್ಲ.

ಕಾಲೇಜು ಶುರುವಾದ ದಿನ ವೇಳಾಪಟ್ಟಿ ಕೈಗೆ ಕೊಟ್ಟರು. ವಾರದ ಕನ್ನಡದ ಗಂಟೆಗಳೆಲ್ಲವೂ ನನ್ನವು. ಆವತ್ತು ಕಳ್ಳತನ ಮಾಡಿ ಪಡೆಯಲು ನೋಡಿದ್ದು ಇದನ್ನೇ.

ಕಳೆದ ವಾರ ಆ ಕಥೆ ಬಂತು. ಒಬ್ಬನೇ ಹೋದೆ. ಮೊದಲು ನನ್ನ ಓದು ಹೇಳಿದೆ, ಆಮೇಲೆ ಅವರದು. ಅದು ಯಾರದೆಂದೂ, ಅದನ್ನು ನಾನು ಒಮ್ಮೆ ಕದ್ದಿದ್ದೆನೆಂದೂ ಹೇಳಿದೆ. "ಯಾರಾದರೂ ಒಪ್ಪದವರಿದ್ದರೆ ಮಾತಾಡಿ" ಎಂದೆ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಕೊನೆಗೆ ಒಬ್ಬ ಹುಡುಗಿ ಪೆನ್ನು ಹಿಡಿದುಕೊಂಡೇ ಕೇಳಿದಳು, "ಸಾರ್, ಎರಡರಲ್ಲಿ ಯಾವುದು ಸರಿ? ಪರೀಕ್ಷೆಗೆ ಯಾವ್ದು ಬರೀಬೇಕು?"

ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಆಡದ ಮಾತನ್ನು ಆಡಿದೆ. "ಮೇಡಂ ಅವರದೇ ಸರಿ" ಎಂದೆ.

ಹೇಳಿ ಕೊನೆಯ ಬೆಂಚಿನ ಕಡೆ ನೋಡಿದೆ. ಅವರಿದ್ದಿದ್ದರೆ ಆ ಕ್ಷಣವೇ ಎದ್ದು ನನ್ನ ಪರವಾಗಿ ವಾದ ಶುರು ಮಾಡುತ್ತಿದ್ದರು.